ಅಪ್ಪಾ, ಹಳೇ ಜಾವಾ ತಗೊಳ್ಳೋಣ ಅಂತಿದ್ದೇನೆ

ಬ್ರನೋ, ಜೆಕ್ ಗಣರಾಜ್ಯ
ಭಾನುವಾರ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾನಿಲ್ಲಿ ಚೆನ್ನಾಗಿದ್ದೇನೆ. ಚಳಿ ಹೋಯಿತು, ಸಂಜೆ ಎಂಟಾದರೂ ಬೆಳಕಿರುತ್ತದೆ. ಪುಟ್ಟ ನಿಮಗೆ ವಿಷಯ ಆಗಲೇ ಹೇಳಿಬಿಟ್ಟಿದ್ದಾನಂತೆ. ಹೌದು, ನಾನು ಮೋಟಾರ್ ಸೈಕಲ್ ತೆಗೆದುಕೊಳ್ಳುತ್ತಿದ್ದೇನೆ. ಹೊಸದಲ್ಲ, ಹಳೆಯದು, ಅದೂ ಜಾವಾ. ಫೋನಿನಲ್ಲಿ ಹೇಳಹೊರಟರೆ ಅಮ್ಮ ಗಾಬರಿಯಾಗಿ ಫೋನನ್ನು ಅಪ್ಪನ ಕೈಗೆ ಕೊಡುತ್ತಾಳೆ, ನೀವು "ನೋಡೋಣ ಬಿಡು" ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದಿ.

ಅಮ್ಮಾ, ಮೊದಲು ನಿನ್ನ ಭಯದ ವಿಷಯ. ಮೈಸೂರಿನಲ್ಲಿ ನಾನು ಓಡಿಸಿದ್ದು ಬರೀ ಸ್ಕೂಟಿ, ಗೇರ್ ಗಾಡಿ ಮುಟ್ಟಿರಲಿಲ್ಲ. ಆದ್ದರಿಂದಲೇ ಇಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿ, ಎಬಿಎಸ್ (ಗಕ್ಕನೆ ಬ್ರೇಕ್ ಹಿಡಿದರೂ ಚಕ್ರ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ) ಇರುವ ಹೊಸ ಬೈಕಿನಲ್ಲಿ ಕಲಿತು, ಪರೀಕ್ಷೆ ಪಾಸು ಮಾಡಿದ ಮೇಲೆಯೇ ಈ ಮಾತು ಎತ್ತಿದ್ದೇನೆ. ನಮ್ಮಲ್ಲಿ ಗೇರ್ ಇರುವ ಬೈಕಿಗೆಲ್ಲ ಒಂದೇ ಲೈಸೆನ್ಸ್, ಅಲ್ವಾ? ಯುರೋಪಿನಲ್ಲಿ ಹಾಗಿಲ್ಲ. 125 ಸಿಸಿ, 11 ಕಿಲೋವ್ಯಾಟ್ ಒಳಗಿನದಕ್ಕೆ ಎ1, 35 ಕಿಲೋವ್ಯಾಟ್ ತನಕ ಎ2, ಅದಕ್ಕೂ ಮೇಲಿನದಕ್ಕೆ ಎ. ನನ್ನದು ಎ2. ಮೈದಾನದಲ್ಲಿ ಕೋನ್‌ಗಳ ನಡುವೆ ನಡಿಗೆಯ ವೇಗದಲ್ಲಿ ತಿರುಗಿಸಬೇಕು, ಜೋರಾಗಿ ಬಂದು ಗಕ್ಕನೆ ನಿಲ್ಲಿಸಬೇಕು, ಇವೆಲ್ಲ ಕೈಗೆ ಹತ್ತುವ ತನಕ ರಸ್ತೆಗೆ ಬಿಡುವುದಿಲ್ಲ. ಹೆಲ್ಮೆಟ್ ಕಡ್ಡಾಯ. ಕುಡಿದು ಓಡಿಸಿದರೆ ಒಂದು ಹನಿಗೂ ಮಾಫಿ ಇಲ್ಲ. ಜಾಕೆಟ್ಟು, ಗ್ಲೌಸು, ಕಾಲು ಮುಚ್ಚುವ ಬೂಟು ಎಲ್ಲವನ್ನೂ ಗಾಡಿಗಿಂತ ಮುಂಚೆಯೇ ಕೊಂಡಿದ್ದೇನೆ. ಹೈವೇಗೆ ಹೋಗುವುದೂ ಇಲ್ಲ. ಊರಿನ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಮೊರಾವ್ಸ್ಕಿ ಕ್ರಾಸ್ ಅಂತ ಸುಣ್ಣಕಲ್ಲಿನ ಗುಹೆಗಳಿರುವ ಕಾಡು ಇದೆ, ಹಳ್ಳಿ ರಸ್ತೆಗಳು, ಜಾಸ್ತಿ ಗಾಡಿಗಳಿಲ್ಲ. ನಾನು ಓಡಿಸುವುದು ಅಂಥ ಕಡೆ.

ಹಳೇ ಗಾಡಿಯಲ್ಲೇ ಕಲಿಯಬಹುದಿತ್ತಲ್ಲ ಅಂತ ಪುಟ್ಟ ಕೇಳಿದ. ಬೇಡ. ಇದನ್ನು ಅವನಿಗೂ ಖಂಡಿತವಾಗಿ ಹೇಳುತ್ತೇನೆ. ಕಲಿಯುವಾಗ ಗಾಡಿ ಜಗ್ಗಿದರೆ ತಪ್ಪು ನಮ್ಮ ಕ್ಲಚ್ಚಿನದೋ ಕಾರ್ಬೊರೇಟರಿನದೋ ಗೊತ್ತಾಗುವುದಿಲ್ಲ. ಬ್ರೇಕ್ ಹಿಡಿಯದಿದ್ದರೆ ನಾವು ಒತ್ತಿದ್ದು ಕಡಿಮೆಯಾಯಿತೋ ಶೂ ಸವೆದಿದೆಯೋ ತಿಳಿಯುವುದಿಲ್ಲ. ಸರಿಯಾಗಿರುವ ಗಾಡಿ ಹೇಗಿರುತ್ತದೆ ಅಂತ ಮೊದಲು ಮೈಗೆ ಗೊತ್ತಾಗಬೇಕು.

ಅಪ್ಪಾ, ಜಾವಾನೇ ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ. ದೊಡ್ಡಪ್ಪನ ಜಾವಾದಲ್ಲಿ ಕಾಲೇಜಿಗೆ ಹೋಗುತ್ತಿದ್ದ ಕಥೆ ನೀವೇ ಎಷ್ಟು ಸಲ ಹೇಳಿಲ್ಲ! ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1961ರಲ್ಲಿ ಶುರುವಾದಾಗ ಅಲ್ಲಿ ತಯಾರಾಗುತ್ತಿದ್ದದ್ದು ಇಲ್ಲಿಯ ಗಾಡಿಯೇ. ಪ್ರಾಗ್‌ನಲ್ಲಿ ಲೆಟ್ನಾ ದಿಣ್ಣೆಯ ಮೇಲೆ ರಾಷ್ಟ್ರೀಯ ತಾಂತ್ರಿಕ ಮ್ಯೂಸಿಯಂ ಇದೆ. ವಿಮಾನ, ರೈಲು ಎಂಜಿನ್ನುಗಳ ಜೊತೆ ಹಳೇ ಮೋಟಾರ್ ಸೈಕಲ್ಲುಗಳನ್ನೂ ಇಟ್ಟಿದ್ದಾರೆ, ನೋಡಿ ಬಂದೆ. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ಹಕ್ಕು ಪಡೆದು ಶುರು ಮಾಡಿದ ಕಂಪನಿ ಜಾವಾ. ಯುದ್ಧದ ಕಾಲದಲ್ಲಿ, ಜರ್ಮನ್ನರ ಹಿಡಿತದಲ್ಲಿದ್ದಾಗ, ಇಲ್ಲಿಯ ಎಂಜಿನಿಯರುಗಳು ಕದ್ದುಮುಚ್ಚಿ ಒಂದು 250 ಸಿಸಿ ಗಾಡಿ ತಯಾರು ಮಾಡಿದರು. ಅದೇ ಪೆರಾಕ್, 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆಯಿತು. ಅದಾದ ಮೇಲೆ 1954ರಲ್ಲಿ ಬಂದದ್ದು 353 ಮಾಡೆಲ್. ದೊಡ್ಡಪ್ಪನ ಗಾಡಿ ಇದರ ಮೈಸೂರು ಮಗು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್, ಗೇರ್ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡಿಸಿಕೊಳ್ಳುವ ವ್ಯವಸ್ಥೆ. ಅಷ್ಟು ವರ್ಷದ ಹಿಂದೆ ಇಷ್ಟು ಯೋಚನೆ ಮಾಡಿದ್ದಾರೆ ಅಂತ ಆ ಕಾಲದವರ ಮೇಲೆ ನಿಜವಾಗಿ ಗೌರವ ಬರುತ್ತದೆ.

ಹಾಗಾಗಿ ಮನಸ್ಸು ಮೊದಲು ಹೋದದ್ದು 353ರ ಕಡೆಗೇ. ಕಡು ಕೆಂಪು ಬಣ್ಣ, ಟ್ಯಾಂಕಿನ ಪಕ್ಕ ಕ್ರೋಮು, ನೋಡಿದರೆ ಕಣ್ಣು ಕೀಳಲು ಆಗುವುದಿಲ್ಲ. ಆದರೆ ತೆಗೆದುಕೊಳ್ಳುತ್ತಿರುವುದು ಅದಲ್ಲ. 350 ಸಿಸಿಯ 638. ಎರಡು ಸಿಲಿಂಡರ್, ಟೂ ಸ್ಟ್ರೋಕ್, 1984ರಿಂದ ಬಂದ ಮಾಡೆಲ್, ನಾನು ನೋಡಿರುವುದು 1988ರದು. ನಿಮಗೆ ಸ್ವಲ್ಪ ಬೇಜಾರಾಗಬಹುದು, ಅದು ನಮ್ಮ ಮೈಸೂರು ಜಾವಾ ತರಹ ಕಾಣುವುದಿಲ್ಲ, ಚೌಕಾಚೌಕ ಇದೆ. ಆದರೂ ಕಾರಣ ಕೇಳಿ.

ಮೊದಲನೆಯದು ಬೆಳಕು. ಇಲ್ಲಿ ವರ್ಷವಿಡೀ ಹಗಲಲ್ಲೂ ಹೆಡ್‌ಲೈಟ್ ಉರಿಸಿಕೊಂಡೇ ಓಡಿಸಬೇಕು, ಅದು ಕಾನೂನು. (ನಮ್ಮಲ್ಲೂ 2017ರಿಂದ ಹೊಸ ಬೈಕುಗಳಲ್ಲಿ ಲೈಟ್ ತಾನಾಗಿಯೇ ಉರಿಯುತ್ತದಲ್ಲ, ಹಾಗೆ.) 353ರಲ್ಲಿ ಇರುವುದು 6 ವೋಲ್ಟಿನ, 45 ವ್ಯಾಟಿನ ಡೈನಮೊ. ಎಂಜಿನ್ ಸ್ವಲ್ಪ ಜೋರಾಗಿ ತಿರುಗಿದರೆ ಮಾತ್ರ ಅದು ಬ್ಯಾಟರಿಗೆ ಕರೆಂಟು ಕೊಡುತ್ತದೆ. ಊರೊಳಗೆ ಸಿಗ್ನಲ್ಲಿಗೊಮ್ಮೆ ನಿಲ್ಲುತ್ತಾ, ಲೈಟ್ ಹಾಕಿಕೊಂಡು ಹೋದರೆ ಬ್ಯಾಟರಿ ಇಳಿಯುತ್ತಾ ಬರುತ್ತದೆ, ಪ್ಲಗ್ಗಿಗೆ ಹೋಗಬೇಕಾದ ಕರೆಂಟೂ ಅದೇ ಬ್ಯಾಟರಿಯದು. ಅನುಭವ ಇರುವವರು ಇದನ್ನು ನಿಭಾಯಿಸುತ್ತಾರೆ. ಗೇರು, ಟ್ರಾಫಿಕ್ಕು, ರಸ್ತೆಯ ಬಲಗಡೆ ಓಡಿಸುವ ಅಭ್ಯಾಸ ಇವೆಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳಬೇಕಾದ ನನಗೆ ಅದೊಂದು ಚಿಂತೆ ಬೇಡ. 638ರದು 12 ವೋಲ್ಟ್, ಡೈನಮೊ ಬದಲು ಹೆಚ್ಚು ಕರೆಂಟು ಕೊಡುವ ಆಲ್ಟರ್ನೇಟರ್ ಇದೆ, ಇಂಡಿಕೇಟರೂ ಇದೆ. ಹಿಂದಿನ ಕಾರಿನವನಿಗೆ ನಾನು ಎತ್ತ ತಿರುಗುತ್ತೇನೆ ಅಂತ ಕಾಣಿಸಬೇಕು.

ಎರಡನೆಯದು ಬ್ರೇಕು. ಎರಡರಲ್ಲೂ ಡ್ರಮ್ ಬ್ರೇಕೇ, ಹಾಗಾಗಿ ಸುಮ್ನೆ 638 ಮೇಲು ಅಂತ ಹೇಳಲಾರೆ. ಮುಂದಿನ ಕಾರಿಗೆ ಡಿಸ್ಕು, ಎಬಿಎಸ್ ಎಲ್ಲ ಇರುತ್ತವೆ, ಅದು ನಿಂತ ಜಾಗದಲ್ಲಿ ನಾನು ನಿಲ್ಲಲಾರೆ. ಆದ್ದರಿಂದ ಹಳೇ ಗಾಡಿ ಅಂದಮೇಲೆ ಮುಂದೆ ಡಬಲ್ ಅಂತರ ಬಿಡಲೇಬೇಕು. ಟೂ ಸ್ಟ್ರೋಕ್‌ನಲ್ಲಿ ಆಕ್ಸಲರೇಟರ್ ಬಿಟ್ಟರೆ ಎಂಜಿನ್ನು ಗಾಡಿಯನ್ನು ಹಿಡಿದುಕೊಳ್ಳುವುದು ಕಡಿಮೆ, ಅದೂ ಲೆಕ್ಕಕ್ಕೆ ಬರಬೇಕು. ಚಾಮುಂಡಿ ಬೆಟ್ಟ ಇಳಿಯುವಾಗ ಆಕ್ಸಲರೇಟರ್ ಪೂರ್ತಿ ಮುಚ್ಚಿಕೊಂಡು ಬರಬೇಡ ಅಂತ ದೊಡ್ಡಪ್ಪ ಹೇಳುತ್ತಿದ್ದರಲ್ಲ, ಯಾಕೆ ಅಂತ ಈಗ ಗೊತ್ತಾಯಿತು. ಆಯಿಲ್ ಹೋಗುವುದು ಪೆಟ್ರೋಲಿನ ಜೊತೆ. ಪೆಟ್ರೋಲ್ ನಿಲ್ಲಿಸಿದರೆ ಆಯಿಲೂ ನಿಂತು ಪಿಸ್ಟನ್ ಸೀಜ್ ಆಗಬಹುದು, ಅಂದರೆ ಬಿಸಿಗೆ ಕಚ್ಚಿಕೊಂಡು ನಿಂತುಬಿಡಬಹುದು. ಇಳಿಜಾರಿನಲ್ಲಿ ಆಗಾಗ ಸ್ವಲ್ಪ ಆಕ್ಸಲರೇಟರ್ ಕೊಡಬೇಕು.

ಮೂರನೆಯದು, ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸಿದ್ದು, ಹತ್ತಿರ ಯಾರಿದ್ದಾರೆ ಅನ್ನುವುದು. ನನ್ನ ಜೊತೆ ಕೆಲಸ ಮಾಡುವ ಹುಡುಗಿಯ ಅಪ್ಪ ಇಲ್ಲೇ ಪಕ್ಕದ ಹಳ್ಳಿಯಲ್ಲಿದ್ದಾರೆ, ವಯಸ್ಸು ಅರವತ್ತು ದಾಟಿದೆ, ಹುಡುಗರಾಗಿದ್ದಾಗಿನಿಂದ ಓಡಿಸಿದ್ದು ಈ 350 ಜಾವಾಗಳನ್ನೇ. ಅವರ ಶೆಡ್ಡಿನಲ್ಲಿ ಎರಡು ಗಾಡಿ ನಿಂತಿವೆ. ನನಗೆ ಇಂಗ್ಲಿಷು, ಅವರಿಗೆ ಜೆಕ್, ಮಗಳು ನಡುವೆ ನಿಂತು ಹೇಳುತ್ತಾಳೆ, ಸ್ಪ್ಯಾನರ್ ಕೈಗೆ ಬಂದ ಮೇಲೆ ಅವಳೂ ಬೇಕಾಗುವುದಿಲ್ಲ. ಪ್ಲಗ್ಗಿಗೆ ಕಿಡಿ ಸರಿಯಾಗಿ ಬರಲು ಪಾಯಿಂಟ್ ಗ್ಯಾಪ್ ಹಾಕುವುದು, ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲ್ ಹೋಗುವ ಸಣ್ಣ ತೂತಿನ ಜೆಟ್ ಊದುವುದು, ಚೈನು ಬಿಗಿ ಮಾಡುವುದು ಎಲ್ಲವನ್ನೂ ತೋರಿಸಿದರು, ನನ್ನ ಕೈಯಲ್ಲೇ ಮಾಡಿಸಿದರು. ಸೋವಿಯತ್ ಒಕ್ಕೂಟ, ಕ್ಯೂಬಾಗಳಿಗೆಲ್ಲ ಹೋದ ಗಾಡಿಯಿದು, ಆದ್ದರಿಂದ ಬಿಡಿಭಾಗ ಈಗಲೂ ಹೊಸದೇ ಸಿಗುತ್ತದೆ. ಹಳೇ ಸಾಮಾನಿನ ಸಂತೆಗಳೂ ಇವೆ, ಬೆಳಗಿನ ಜಾವವೇ ಜನ ಚಾಪೆ ಹಾಸಿ ಪಿಸ್ಟನ್ನು, ಹೆಡ್ಡು, ಮೀಟರು ಹರವಿಕೊಂಡು ಕೂತಿರುತ್ತಾರೆ. ಯಾವ ಹಳೇ ಗಾಡಿ ಚೆಂದ ಅಂತ ಕೇಳುವ ಮೊದಲು, ಕೆಟ್ಟರೆ ಯಾರ ಮನೆ ತನಕ ತಳ್ಳಿಕೊಂಡು ಹೋಗಬಲ್ಲೆ ಅಂತ ಕೇಳಿಕೊಂಡೆ. ಉತ್ತರ ಬಂದದ್ದು 638.

ಬೇರೆ ಗಾಡಿಗಳನ್ನೂ ಯೋಚಿಸಿದೆ. ಇಂಗ್ಲೆಂಡಿನ ಹಳೇ ಬಿಎಸ್‌ಎ, ಟ್ರಯಂಫ್ ಬೇಡವೆಂದೆ. ನಮ್ಮ ಎದುರು ಮನೆಯವರ ಹಳೇ ಬುಲೆಟ್ಟಿನ ಹಾಗೆ ಅವುಗಳ ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ಅವಸರದಲ್ಲಿ ಕಾಲು ಕಲಿತ ಕಡೆಗೇ ಹೋಗುತ್ತದೆ, ಬ್ರೇಕ್ ಅಂತ ಗೇರ್ ಒತ್ತಿದರೆ ಕಥೆ ಮುಗಿಯಿತು. ಜಾವಾದವರ 50 ಸಿಸಿ ಪಿಯೊನೀರ್ ಮುದ್ದಾಗಿದೆ, ಹಗುರ, ಆದರೆ ಹೊರಗಿನ ರಸ್ತೆಯಲ್ಲಿ 90ಕ್ಕೆ ಬರುವ ಕಾರುಗಳ ಮುಂದೆ ಅದರಲ್ಲಿ ಹೋಗಲು ನನಗೆ ಧೈರ್ಯವಿಲ್ಲ. 638 ಸುಮಾರು 150 ಕೆ.ಜಿ. ತೂಗುತ್ತದೆ. ನನ್ನ ಎರಡೂ ಕಾಲು ನೆಲಕ್ಕೆ ಸಿಗುತ್ತವೆ, ಮಧ್ಯದ ಸ್ಟ್ಯಾಂಡ್ ಹಾಕಿ ತೆಗೆದು ನೋಡಿದೆ, ಆಗುತ್ತದೆ.

ಕಾಗದಪತ್ರದ ವಿಷಯ ಬರೆಯಲೇಬೇಕು, ನೀವು ಮೊದಲು ಕೇಳುವುದೇ ಅದು. ಒಂದು ಊರಿನಲ್ಲಿ 353 ಒಂದನ್ನು ನೋಡಲು ಹೋಗಿದ್ದೆ. ಹೊಸ ಪೇಂಟು, ಗೆರೆ ಎಳೆದದ್ದು, ಫಳಫಳ ಹೊಳೆಯುತ್ತಿತ್ತು. ಕಾಗದ ಕೇಳಿದರೆ "ಕೊಟ್ಟಿಗೆಯಲ್ಲಿ ಸಿಕ್ಕ ಗಾಡಿ, ಆಮೇಲೆ ಮಾಡಿಸಿಕೊಳ್ಳಬಹುದು" ಅಂದ. ಚಾಸಿ ನಂಬರ್ ಇರುವ ಜಾಗದಲ್ಲಿ ಪೇಂಟು ದಪ್ಪಗೆ ಮೆತ್ತಿತ್ತು, ಎಂಜಿನ್ ನಂಬರಿನ ಮೊದಲ ಅಂಕಿಗಳು ಬೇರೆ ಮಾಡೆಲಿನವು. ಮಾತಿಲ್ಲದೆ ಬಂದುಬಿಟ್ಟೆ. ಇಲ್ಲಿ ಗಾಡಿಯ ಜೊತೆ ನೋಂದಣಿ ದಾಖಲೆ ಬರಬೇಕು, ನಮ್ಮ ಆರ್.ಸಿ. ಇದ್ದ ಹಾಗೆ, ಅದಿಲ್ಲದೆ ನೋಂದಣಿ ಅಂದರೆ ವರ್ಷಗಟ್ಟಲೆ ಅಲೆದಾಟವಾಗಬಹುದು. 30 ವರ್ಷ ದಾಟಿದ, ಮೂಲ ಸ್ಥಿತಿಯಲ್ಲಿರುವ ಗಾಡಿಗಳಿಗೆ ಹಸಿರು ಅಕ್ಷರದ ಬೇರೆ ನಂಬರ್ ಪ್ಲೇಟೂ ಕೊಡುತ್ತಾರೆ, ನನಗೆ ಸದ್ಯಕ್ಕೆ ಮಾಮೂಲಿ ಪ್ಲೇಟ್ ಸಾಕು.

ಈಗ ನೋಡಿರುವ ಗಾಡಿಯ ಬಣ್ಣ ಮಾಸಿದೆ, ಟ್ಯಾಂಕಿನಲ್ಲಿ ಸಣ್ಣ ಡೆಂಟ್ ಇದೆ. ಆದರೆ ಮಾಲೀಕರು ಪ್ರತಿ ಬೇಸಿಗೆ ಓಡಿಸಿದ್ದಾರೆ, ಚಳಿಗಾಲಕ್ಕೆ ಪೆಟ್ರೋಲ್ ಇಳಿಸಿ ಇಟ್ಟಿದ್ದಾರೆ. ಪೇಂಟ್ ಹೊಡೆಸಿ ನಿಲ್ಲಿಸಿದ ಗಾಡಿಗಿಂತ ನನಗೆ ಇದರ ಮೇಲೆ ನಂಬಿಕೆ. ವರ್ಷಗಟ್ಟಲೆ ನಿಂತರೆ ಆಯಿಲ್ ಸೀಲ್ ಒಣಗುತ್ತವೆ, ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುತ್ತದೆ, ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಬೇರಿಂಗಿಗೂ ತುಕ್ಕು ಬರುತ್ತದೆ. ಇವು ಯಾವುವೂ ಹೊರಗಿಂದ ಕಾಣುವುದಿಲ್ಲ.

ಶನಿವಾರ ಕೊನೆಯದಾಗಿ ನೋಡಲು ಹೋಗುತ್ತಿದ್ದೇನೆ, ಹಳ್ಳಿಯ ಆ ಹಿರಿಯರೂ ಬರುತ್ತಾರೆ. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ, ಎಂಜಿನ್ ತಣ್ಣಗಿರಲಿ ಅಂತ ಮಾಲೀಕರಿಗೆ ಹೇಳಿದ್ದೇನೆ. ಬಿಸಿ ಎಂಜಿನ್ನು ಎಂಥದ್ದೂ ಒಂದೇ ಕಿಕ್ಕಿಗೆ ಹೊರಡುತ್ತದೆ. ಹೊಗೆ ಎಷ್ಟು ಹೊತ್ತು ಬರುತ್ತದೆ ನೋಡಬೇಕು. ಶುರುವಿನಲ್ಲಿ ಬಂದು ಕಡಿಮೆಯಾದರೆ ಸರಿ. ನಿಲ್ಲದೆ ದಟ್ಟವಾಗಿ ಬರುತ್ತಿದ್ದು ಗೇರ್‌ಬಾಕ್ಸ್ ಆಯಿಲೂ ಕಡಿಮೆಯಾಗಿದ್ದರೆ ಕ್ರ್ಯಾಂಕ್ ಸೀಲ್ ಹೋಗಿದೆ ಅಂತ, ಅಲ್ವಾ? ಟೈರಿನ ಪಕ್ಕದ ನಾಲ್ಕು ಅಂಕಿ ನೋಡುತ್ತೇನೆ, 2319 ಅಂತಿದ್ದರೆ 2019ರ 23ನೇ ವಾರದ್ದು. ಹಳೆಯದಾದರೆ ಗಟ್ಟಿ ಇದ್ದರೂ ಎರಡೂ ಟೈರ್ ಬದಲಿಸಿಬಿಡುತ್ತೇನೆ, ಆ ದುಡ್ಡನ್ನು ಲೆಕ್ಕದಲ್ಲಿ ಸೇರಿಸಿಕೊಂಡಿದ್ದೇನೆ.

ಅಪ್ಪಾ, ನಿಮ್ಮಿಂದ ಎರಡು ಕೆಲಸ ಆಗಬೇಕು. ದೊಡ್ಡಪ್ಪನ ಜಾವಾ ರಿಪೇರಿ ಮಾಡುತ್ತಿದ್ದ ಅಗ್ರಹಾರದ ಮೆಕ್ಯಾನಿಕ್ ಈಗಲೂ ಸಿಕ್ಕರೆ, ಎಂಜಿನ್ ಬಿಚ್ಚದೆ ಕ್ರ್ಯಾಂಕ್ ಬೇರಿಂಗ್ ಹೋಗಿದೆಯಾ ಅಂತ ತಿಳಿಯಲು ಅವರು ಏನು ಮಾಡುತ್ತಾರೆ, ಕೇಳಿಡಿ. ಮತ್ತೆ ಶನಿವಾರ ನಿಮ್ಮ ಮಧ್ಯಾಹ್ನ ಎರಡೂವರೆಗೆ, ಇಲ್ಲಿ ಬೆಳಿಗ್ಗೆ ಹನ್ನೊಂದು, ವಿಡಿಯೊ ಕಾಲ್ ಮಾಡುತ್ತೇನೆ. ಪುಟ್ಟನಿಗೆ ಹೇಳಿ ಆ ದೊಡ್ಡ ಸ್ಪೀಕರಿಗೆ ಜೋಡಿಸಿಡಿ. ಮೊದಲ ಕಿಕ್ಕಿನಿಂದ ಐದು ನಿಮಿಷ ಎಂಜಿನ್ ಓಡಿಸಿ ಕೇಳಿಸುತ್ತೇನೆ. ಇಂಥ ಎಂಜಿನ್ನಿನ ಮೇಲೆ ವರ್ಷಗಟ್ಟಲೆ ಓಡಾಡಿದವರು ನೀವು, ಬೇಡ ಅನಿಸಿದರೆ ಅಲ್ಲೇ ಹೇಳಿಬಿಡಿ, ವಾಪಸ್ ಬರುತ್ತೇನೆ.

ಅಮ್ಮಾ, ನೀನೂ ಅವರ ಪಕ್ಕದಲ್ಲೇ ಕೂತಿರು. ಜಾಕೆಟ್ಟು, ಹೆಲ್ಮೆಟ್ಟು ಹಾಕಿಕೊಂಡೇ ಕಾಲ್ ಮಾಡುತ್ತೇನೆ.

ನಿಮ್ಮ ಪ್ರೀತಿಯ ಮಗಳು