ಆ ಮೇಲ್ ಬೇರೆ, ಆ ಮೇಡಂ ಬೇರೆ: ಮಗಳಿಗೊಂದು ಪತ್ರ

ಪುಟ್ಟಿ,

ಕೆಲಸಕ್ಕೆ ಯಾವ ಬಟ್ಟೆ ಹಾಕಿಕೊಂಡು ಬರಬೇಕು ಅಂತ ನಿಮ್ಮ ಆಫೀಸಿನವರು ಬರೆದ ಮೇಲ್ ಕಳಿಸಿದ್ದೆಯಲ್ಲ, ಓದಿದೆ. ಸೋಮವಾರದಿಂದ ಗುರುವಾರದವರೆಗೆ ಬಿಸಿನೆಸ್ ಫಾರ್ಮಲ್ಸ್, ಶುಕ್ರವಾರ ಸ್ಮಾರ್ಟ್ ಕ್ಯಾಶುವಲ್ಸ್, ಕ್ಲೈಂಟ್ ಹತ್ತಿರ ಹೋಗುವಾಗ ಐಡಿ ಕಾರ್ಡ್ ಕಡ್ಡಾಯ. ಅಷ್ಟೇ ಇದೆ ಅದರಲ್ಲಿ. ಮೂಗುತಿ ತೆಗಿ ಅಂತಿಲ್ಲ, ಜಡೆ ಕತ್ತರಿಸು ಅಂತಿಲ್ಲ, ತಲೆಗೆ ಎಣ್ಣೆ ಹಚ್ಚಬಾರದು ಅಂತಲೂ ಇಲ್ಲ. ಅವು ಮೂರೂ ನಿಮ್ಮ ಸೀನಿಯರ್ ಮೇಡಂ ಊಟದ ಹೊತ್ತಿನಲ್ಲಿ ಹೇಳಿದ್ದು. ಫೋನಿನಲ್ಲಿ ನೀನು ಎಲ್ಲವನ್ನೂ ಸೇರಿಸಿ "ಆಫೀಸಿನವರು ಹೀಗೆ ಹೇಳ್ತಾರಪ್ಪಾ" ಅಂದೆ. ಮೇಲ್ ಬೇರೆ, ಮೇಡಂ ಬೇರೆ ಕಣಮ್ಮಾ. ಅದನ್ನು ಬಿಡಿಸಿ ಹೇಳೋಣ ಅಂತಲೇ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ಅಮ್ಮ, ಅಜ್ಜಿ ಇಬ್ಬರೂ ನಡುವೆ ಬಾಯಿ ಹಾಕುತ್ತಾರೆ. ನನ್ನ ಸರದಿ ಬರುವುದೇ ಇಲ್ಲ.

ಮೇಲ್‌ನಲ್ಲಿ ಬರೆದದ್ದನ್ನು ಪಾಲಿಸು. ಅದರಿಂದ ನಿನ್ನತನ ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ತಾತ ರಾಜಾ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ಮಲ್ಲೇಶ್ವರದಲ್ಲಿ ಈಗ ಮಂತ್ರಿ ಮಾಲ್ ಇದೆಯಲ್ಲ, ಅದೇ ಜಾಗ. ಹಬ್ಬಕ್ಕೂ ಮದುವೆಗೂ ಪಂಚೆ ಬಿಟ್ಟು ಬೇರೆ ಉಡದ ಮನುಷ್ಯ, ಮಿಲ್ಲಿಗೆ ಮಾತ್ರ ಖಾಕಿ ನಿಕ್ಕರ್ ಹಾಕಿಕೊಂಡು ಹೋಗುತ್ತಿದ್ದರು. ಮಷಿನ್ನಿನ ಬೆಲ್ಟಿಗೆ ಪಂಚೆಯ ತುದಿ ಸಿಕ್ಕಿದರೆ ಕಾಲೇ ಹೋಗುತ್ತೆ. ನಿಕ್ಕರ್ ಹಾಕಿದ್ದಕ್ಕೆ ಅವರು ಯಾರೋ ಬೇರೆಯವರಾಗಲಿಲ್ಲ. ನಿನಗೂ ಅಂಥ ದಿನ ಬರುತ್ತೆ. ನಿನ್ನ ಆರ್ಟಿಕಲ್‌ಶಿಪ್, ಅಂದರೆ ಸಿಎ ಓದುವವರು ಆಡಿಟ್ ಕೆಲಸ ಕಲಿಯುವ ತರಬೇತಿ, ಎರಡು ವರ್ಷ ಅಲ್ವಾ? ಮಾರ್ಚ್ 31ರ ಹೊತ್ತಿಗೆ ಸ್ಟಾಕ್ ಎಣಿಸೋಕೆ ಪೀಣ್ಯದ ಯಾವುದಾದರೂ ಫ್ಯಾಕ್ಟರಿಗೆ ಕಳಿಸಿಯೇ ಕಳಿಸುತ್ತಾರೆ. ಅವತ್ತು ದುಪಟ್ಟಾ ಬೇಡ. ಬೆರಳು ಮುಚ್ಚುವ ಶೂ ಹಾಕಿಕೋ, ಜಡೆಯನ್ನು ಮೇಲಕ್ಕೆ ಸುತ್ತಿ ಕಟ್ಟಿಕೋ. ಯಾರೂ ಹೇಳದಿದ್ದರೂ ಮಾಡು.

ನಮ್ಮ ಟೈಲರ್ ಅಂಗಡಿಗೆ ಬರುವ ಲಾಯರ್ ಹೆಣ್ಣುಮಕ್ಕಳನ್ನು ನೀನೂ ನೋಡಿದ್ದೀಯಲ್ಲ. ಅವರದ್ದು ನಮ್ಮೆಲ್ಲರಿಗಿಂತ ಕಟ್ಟುನಿಟ್ಟು. ಆದರೆ ಬಾರ್ ಕೌನ್ಸಿಲ್ ನಿಯಮದಲ್ಲಿ ಎಲ್ಲಾ ಬರೆದಿಟ್ಟಿದ್ದಾರೆ. ಕಪ್ಪು ಕೋಟು, ಬಿಳಿ ಕಾಲರ್, ಬಿಳಿ ಬ್ಯಾಂಡ್. ಕೆಳಗೆ ಸೀರೆಯೂ ಆಗುತ್ತೆ, ಸಲ್ವಾರ್ ಕುರ್ತಾನೂ ಆಗುತ್ತೆ. ಬೇಸಿಗೆಯಲ್ಲಿ ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟು ಬೇರೆ ಕಡೆ ಕೋಟು ಕಡ್ಡಾಯ ಅಲ್ಲ ಅಂತಲೂ ಅದರಲ್ಲೇ ಇದೆ. ಬರೆದಿಟ್ಟರೆ ಇದೊಂದು ಅನುಕೂಲ ನೋಡು, ಎಲ್ಲಿಗೆ ನಿಲ್ಲುತ್ತೆ ಅಂತ ಗೊತ್ತಾಗುತ್ತೆ. ಬೇಡ ಅನ್ನಿಸಿದರೆ ತಿದ್ದಲೂಬಹುದು. ಇನ್ಫೋಸಿಸ್‌ನವರು 2015ರ ಜೂನ್‌ನಲ್ಲಿ ವಾರವಿಡೀ ಬಿಸಿನೆಸ್ ಕ್ಯಾಶುವಲ್ಸ್ ಸಾಕು ಅಂದುಬಿಟ್ಟರು. ಅದಕ್ಕೆ ಮುಂಚೆ ಕೆಲಸಕ್ಕೆ ಸೇರುವ ಹುಡುಗರು ನನ್ನ ಹತ್ತಿರ ಪ್ಯಾಂಟ್ ಹೊಲಿಸಿಕೊಂಡು, "ಅಂಕಲ್, ಟೈ ಕಟ್ಟೋದು ಹೇಳಿಕೊಡಿ" ಅನ್ನುತ್ತಿದ್ದರು. ನನಗೇ ಬರುತ್ತಿರಲಿಲ್ಲ, ಅದು ಬೇರೆ ವಿಷಯ.

ಈಗ ಮೇಡಂ ವಿಷಯಕ್ಕೆ ಬರೋಣ.

ಬಾಯಿಮಾತಿನ ನಿಯಮಕ್ಕೆ ಕೊನೆ ಅನ್ನುವುದೇ ಇರುವುದಿಲ್ಲ. ಇವತ್ತು ಮೂಗುತಿ, ನಾಳೆ ಗಾಜಿನ ಬಳೆ, ನಾಡಿದ್ದು ನೀನು ಇಂಗ್ಲಿಷ್ ಮಾತಾಡುವ ಧಾಟಿ. ಎಲ್ಲಕ್ಕೂ ತಲೆಯಾಡಿಸುತ್ತಾ ಹೋದರೆ ಮೇಡಂಗೂ ಸಮಾಧಾನ ಆಗುವುದಿಲ್ಲ, ನಿನಗೂ ಆಗುವುದಿಲ್ಲ. ಮತ್ತೆ ಈ ಬಾಯಿಮಾತು ಹುಡುಗಿಯರ ಮೇಲೆ, ಸಣ್ಣ ಮನೆಗಳಿಂದ ಬಂದವರ ಮೇಲೆ ಜಾಸ್ತಿ ಬೀಳುತ್ತೆ. ನಿಮ್ಮ ಜೊತೆ ಸೇರಿದ ಹುಡುಗ ಗಡ್ಡ ಬಿಟ್ಟಿದ್ದಾನೆ ಅಂದೆಯಲ್ಲ, ಅವನಿಗೆ ಯಾರಾದರೂ ಏನಾದರೂ ಅಂದರಾ?

ಮುಖ ನೋಡಿ ಮಣೆ ಹಾಕು ಅಂತ ಗಾದೆ. ನಮ್ಮ ಬೆಂಗಳೂರಿನಲ್ಲಿ ಮುಖದವರೆಗೂ ಹೋಗುವುದಿಲ್ಲ, ಬಟ್ಟೆ ನೋಡಿಯೇ ಮಣೆ. ನಮ್ಮ ಶ್ರೀರಾಂಪುರ ಬಿಟ್ಟರೆ ಎರಡನೇ ಮೆಟ್ರೋ ಸ್ಟೇಷನ್ ರಾಜಾಜಿನಗರ. 2024ರ ಫೆಬ್ರವರಿಯಲ್ಲಿ ಅಲ್ಲಿ ಒಬ್ಬ ರೈತನನ್ನು ಬಟ್ಟೆ ಕೊಳೆಯಾಗಿದೆ ಅಂತ ತಡೆದು ನಿಲ್ಲಿಸಿದರು. ಅವನ ಹತ್ತಿರ ಟಿಕೆಟ್ ಇತ್ತು. ಜೊತೆಯಲ್ಲಿದ್ದ ಪ್ರಯಾಣಿಕರು ಬಿಡಲಿಲ್ಲ, ಸಿಬ್ಬಂದಿ ಜೊತೆ ವಾದ ಮಾಡಿದರು. ವಿಡಿಯೋ ಊರೆಲ್ಲಾ ಓಡಾಡಿತು. ಕೊನೆಗೆ ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸ ಹೋಯಿತು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್‌ನಲ್ಲಿ ಹಾವೇರಿ ಕಡೆಯ ಒಬ್ಬ ಹಿರಿಯರಿಗೆ ಹೀಗೇ ಆಯಿತು. ಮಗನ ಜೊತೆ ಸಿನಿಮಾ ನೋಡೋಕೆ ಬಂದಿದ್ದರು. ಪಂಚೆ ಉಟ್ಟಿದ್ದರು, ಒಳಗೆ ಬಿಡಲಿಲ್ಲ. ಸರ್ಕಾರ ಆ ಮಾಲನ್ನು ಒಂದು ವಾರ ಮುಚ್ಚಿಸಿತು.

ನನಗೆ ಆಗ ಕಾಡಿದ್ದು ಗೇಟಿನಲ್ಲಿ ನಿಂತಿದ್ದ ಸೆಕ್ಯುರಿಟಿ. ಅವನ ಅಪ್ಪನೂ ಊರಿನಲ್ಲಿ ಪಂಚೆಯನ್ನೇ ಉಡುತ್ತಿರಬಹುದು. ಆದರೂ ಅವನಿಗೆ ಇದು ಕೀಳು, ಅದು ಮೇಲು ಅಂತ ಯಾರೋ ತಲೆಗೆ ತುಂಬಿದ್ದಾರೆ. ನಿಮ್ಮ ಮೇಡಂ ಕಥೆಯೂ ಅದೇ ಇರಬೇಕು. ಅವರು ಕೆಲಸಕ್ಕೆ ಸೇರಿದಾಗ ಅವರಿಂದಲೂ ಯಾರೋ ಏನನ್ನೋ ತೆಗೆಸಿದ್ದಾರೆ. ಅದರಿಂದ ಅವರಿಗೆ ಒಳ್ಳೆಯದೇ ಆಗಿರಬಹುದು, ಅದಕ್ಕೇ ನಿನಗೂ ಹೇಳುತ್ತಿರಬಹುದು. ಅವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ಲೆಕ್ಕ ನೋಡುವುದನ್ನು ನಿನಗೆ ಕಲಿಸುವವರೂ ಅವರೇ.

ಮತ್ತೊಮ್ಮೆ ಮೂಗುತಿ ಮಾತು ಬಂದರೆ ನಗುತ್ತಲೇ ಕೇಳು. "ಮೇಡಂ, ಇದು ಪಾಲಿಸಿಯಲ್ಲಿ ಇದೆಯಾ? ನನಗೆ ಕಾಣಿಸಲಿಲ್ಲ. ಎಚ್‌ಆರ್ ಹತ್ತಿರ ಒಂದು ಸಲ ಕೇಳಿಬಿಡ್ತೀನಿ." ಇಷ್ಟೇ. ಭಾಷಣ ಬೇಡ, ನಮ್ಮ ಸಂಸ್ಕೃತಿ ಅಂತ ಶುರು ಮಾಡಬೇಡ, ಅಳಬೇಡ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ. ಮುಗಿಯದೆಯೂ ಇರಬಹುದು, ಅದನ್ನೂ ಹೇಳುತ್ತೇನೆ. ಒಳ್ಳೆಯ ಕ್ಲೈಂಟ್‌ಗೆ ಬೇರೆಯವರನ್ನು ಕಳಿಸಿ ನಿನ್ನನ್ನು ಆಫೀಸಿನಲ್ಲೇ ವೋಚರ್, ಅಂದರೆ ಖರ್ಚಿನ ಚೀಟಿ, ನೋಡೋಕೆ ಕೂರಿಸಬಹುದು. ಹಾಗೆ ಆದರೆ ಆ ಮೂಗುತಿ ನಿನಗೆ ಎಷ್ಟು ಬೇಕು ಅಂತ ನೀನೇ ತೂಗಿ ನೋಡಬೇಕು. ತೆಗೆದಿಟ್ಟರೂ ನಾನು ಏನೂ ಅನ್ನುವುದಿಲ್ಲ. ಅಜ್ಜಿ ಕೊಟ್ಟ ಮೂಗುತಿ ಅಂತ ಅಜ್ಜಿಯ ಭಾರವನ್ನೂ ಮೂಗಿನ ಮೇಲೆ ಹೊತ್ತುಕೊಳ್ಳಬೇಡ.

ಅಜ್ಜಿ ಅಂದಾಗ ನೆನಪಾಯಿತು. ನೀನು ಫೋನ್ ಇಟ್ಟ ಮೇಲೆ ಅವರು ಅಂದಿದ್ದು, "ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ಅವರು ಹೇಳಿದ ಹಾಗೆ ಹೋಗಲಿ ಬಿಡು." ನಿನ್ನಮ್ಮ ಅದಕ್ಕೆ ಪೂರ್ತಿ ವಿರುದ್ಧ. ಬೀರುವಿನ ಬಾಗಿಲಿಗೆ ಅವಳು ಅಂಟಿಸಿರುವ ಪೇಪರ್ ಫೋಟೋ ಗೊತ್ತಲ್ಲ? 2014ರ ಸೆಪ್ಟೆಂಬರ್ 24, ಮಂಗಳಯಾನ ಕಕ್ಷೆ ಸೇರಿದ ದಿನ. ಇಲ್ಲೇ ನಮ್ಮೂರಿನ ಇಸ್ರೋ ಹೆಂಗಸರು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ನಗುತ್ತಾ ನಿಂತಿದ್ದಾರೆ. "ಮಂಗಳ ಗ್ರಹಕ್ಕೆ ಕಳಿಸುವವರೇ ಸೀರೆ ಉಡ್ತಾರೆ, ಇವಳ ಆಫೀಸಿಗೇನು ಬಂತು ರೋಗ" ಅಂತ ನಿನ್ನಮ್ಮನ ವಾದ. ಫೋಟೋ ನನಗೂ ಇಷ್ಟ. ಆದರೆ ಅದನ್ನು ತೋರಿಸಿ ನಿನಗೆ ಸೀರೆ ಉಡಿಸಲು ಹೊರಟರೆ ಮೇಡಂಗೂ ಅಮ್ಮನಿಗೂ ಏನು ವ್ಯತ್ಯಾಸ ಹೇಳು. ಆ ಹೆಂಗಸರು ಯಾರಿಗೂ ಪಾಠ ಹೇಳೋಕೆ ಉಟ್ಟಿರಲಿಲ್ಲ. ಅವರಿಗೆ ಅದೇ ಒಗ್ಗಿತ್ತು, ಉಟ್ಟರು. ನಿನಗೆ ಪ್ಯಾಂಟ್ ಶರ್ಟ್ ಒಗ್ಗುತ್ತೆ. ಏಳನೇ ಕ್ಲಾಸಿನಲ್ಲೇ ಲಂಗ ಬೇಡ ಅಂತ ಹಟ ಹಿಡಿದವಳು ನೀನು.

ಕೂದಲಿನ ವಿಷಯವನ್ನೂ ಇಲ್ಲೇ ಮುಗಿಸಿಬಿಡೋಣ. ಕತ್ತರಿಸಬೇಕು ಅಂತ ನಿನಗೆ ಪಿಯುಸಿಯಿಂದಲೂ ಆಸೆ ಇತ್ತು. ಕತ್ತರಿಸು. ಅಮ್ಮ ಸ್ವಲ್ಪ ದಿನ ಮಾತು ಬಿಡುತ್ತಾಳೆ, ಆಮೇಲೆ ಅವಳೇ "ಚೆನ್ನಾಗಿದೆ" ಅನ್ನುತ್ತಾಳೆ. ಆದರೆ ಮೇಡಂ ಹೇಳಿದ ವಾರವೇ ಹೋಗಿ ಕತ್ತರಿಸಬೇಡ ಅನ್ನೋದು ನನ್ನ ಅಭಿಪ್ರಾಯ. ಆಮೇಲೆ ಕನ್ನಡಿ ನೋಡಿದಾಗಲೆಲ್ಲಾ ಯಾರಿಗೋಸ್ಕರ ಮಾಡಿದೆ ಅಂತ ನಿನಗೇ ಗೊಂದಲ ಆಗುತ್ತೆ.

ಹೀಲ್ಸ್ ಬಗ್ಗೆ ಕೇಳಿದ್ದೆ. ಬೇಡ. ಲಂಡನ್ನಿನಲ್ಲಿ 2015ರಲ್ಲಿ ರಿಸೆಪ್ಷನ್ ಕೆಲಸಕ್ಕೆ ಹೋದ ಹುಡುಗಿಯೊಬ್ಬಳನ್ನು ಹೀಲ್ಸ್ ಹಾಕಿಲ್ಲ ಅಂತ ಮೊದಲ ದಿನವೇ ಸಂಬಳವಿಲ್ಲದೆ ವಾಪಸ್ ಕಳಿಸಿದ್ದರು. ಅವಳು ಅರ್ಜಿ ಹಾಕಿದಳು, ಒಂದೂವರೆ ಲಕ್ಷದಷ್ಟು ಜನ ಸಹಿ ಹಾಕಿದರು, ಅಲ್ಲಿನ ಪಾರ್ಲಿಮೆಂಟಿನಲ್ಲೂ ಚರ್ಚೆ ಆಯಿತು. ಪೇಪರಿನಲ್ಲಿ ಓದಿದ್ದು. ನಿಮ್ಮ ಮೇಲ್‌ನಲ್ಲಿ ಹೀಲ್ಸ್ ಅಂತ ಇಲ್ಲವೇ ಇಲ್ಲ, ನೀನಾಗಿ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀಯ?

ಇನ್ನು ನನ್ನ ಕಸುಬಿನ ಮಾತು. ಇದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ, ಹಾಗಾಗಿ ಇಲ್ಲಿ ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದು.

ನೀನು ತೆಗೆದುಕೊಂಡ ಬ್ಲೇಜರ್ ಫೋಟೋ ನೋಡಿದೆ. ಹಿಂದುಗಡೆ ಕೆಳಗೆ ಸೀಳು ಇದೆಯಲ್ಲ, ಅದಕ್ಕೆ ಗುಣಿಸು ಗುರುತಿನ ಹಾಗೆ ಅಡ್ಡಡ್ಡ ದಾರ ಹಾಕಿದ್ದಾರೆ. ಅದು ಡಿಸೈನ್ ಅಲ್ಲ. ಅಂಗಡಿಗೆ ಬರುವ ದಾರಿಯಲ್ಲಿ ಬಟ್ಟೆ ಮಡಚಿಕೊಳ್ಳದಿರಲಿ ಅಂತ ಹಾಕುವ ಕಚ್ಚಾ ಹೊಲಿಗೆ. ಸಣ್ಣ ಕತ್ತರಿಯಿಂದ ಕತ್ತರಿಸಿ ಎಳೆದುಬಿಡು. ತೋಳಿನ ಮೇಲೆ ಕಂಪನಿ ಲೇಬಲ್ ಹೊಲಿದಿದ್ದರೆ ಅದನ್ನೂ ತೆಗೆ. ದೊಡ್ಡ ದೊಡ್ಡ ಕೆಲಸದಲ್ಲಿ ಇರುವವರೂ ಅದನ್ನು ಹಾಗೇ ಇಟ್ಟುಕೊಂಡು ತಿರುಗುತ್ತಾರೆ. ಮೆಟ್ರೋದಲ್ಲಿ ನೋಡಿದಾಗ ನನ್ನ ಕೈ ತುರಿಸುತ್ತೆ.

ಹೆಂಗಸರ ರೆಡಿಮೇಡ್ ಪ್ಯಾಂಟಿನಲ್ಲಿ ಜೇಬಿನ ಬಾಯಿ ಇರುತ್ತೆ, ಒಳಗೆ ಚೀಲ ಇರುವುದಿಲ್ಲ. ಇದಕ್ಕಿಂತ ದೊಡ್ಡ ಮೋಸ ನನ್ನ ಕಸುಬಿನಲ್ಲಿ ಇನ್ನೊಂದಿಲ್ಲ. ನಿನ್ನ ಎರಡೂ ಪ್ಯಾಂಟಿಗೆ ಗಂಡಸರ ಪ್ಯಾಂಟಿನಷ್ಟೇ ಆಳದ ಜೇಬು ಇಟ್ಟಿದ್ದೇನೆ. ಫೋನ್, ಪೆನ್, ಐಡಿ ಕಾರ್ಡ್ ಎಲ್ಲಾ ಹಿಡಿಸುತ್ತೆ. ಶರ್ಟಿನಲ್ಲಿ ಎದೆಯ ಹತ್ತಿರ ಎರಡು ಗುಂಡಿಗಳ ನಡುವೆ ಬಾಯಿ ಬಿಡುತ್ತೆ ಅಂತ ನೀನು ದಿನವಿಡೀ ಎಳೆದುಕೊಳ್ಳುತ್ತಾ ಇರುತ್ತೀಯ. ಅಲ್ಲಿ ಒಳಗಡೆ ಒಂದು ಟಿಚ್ ಬಟನ್ ಹಾಕಿದ್ದೇನೆ, ಹೊರಗೆ ಕಾಣುವುದಿಲ್ಲ. ಕ್ಲೈಂಟ್ ಮುಂದೆ ಕೂತಾಗ ನಿನ್ನ ಗಮನ ಅವರ ಲೆಡ್ಜರ್ ಮೇಲೆ ಇರಬೇಕು, ಗುಂಡಿಯ ಮೇಲೆ ಇರಬಾರದು.

ಬಟ್ಟೆ ತೆಗೆದುಕೊಳ್ಳುವಾಗ ಟ್ರಯಲ್ ರೂಮಿನಲ್ಲಿ ನೆಟ್ಟಗೆ ನಿಂತು ನೋಡಿ ಬಂದುಬಿಡಬೇಡ. ಲ್ಯಾಪ್‌ಟಾಪ್ ಮುಂದೆ ಇದ್ದ ಹಾಗೆ ಎರಡೂ ಕೈ ಮುಂದಕ್ಕೆ ಚಾಚು. ಬೆನ್ನು ಬಿಗಿದರೆ ಅದು ನಿನಗಲ್ಲ. ಕೂತು ನೋಡು. ಬಗ್ಗಿ ನೋಡು. ಪೂರ್ತಿ ಕಾಟನ್ ನಿನಗೆ ಇಷ್ಟ, ಗೊತ್ತು. ಆದರೆ ಪಿಜಿಯಲ್ಲಿ ಇಸ್ತ್ರಿ ಪೆಟ್ಟಿಗೆಗೆ ಬೆಳಿಗ್ಗೆ ಸಾಲು ನಿಲ್ಲಬೇಕು ಅಂದೆಯಲ್ಲ. ಸ್ವಲ್ಪ ಪಾಲಿಯೆಸ್ಟರ್ ಬೆರೆತ ಬಟ್ಟೆ ತಗೋ. ಒದರಿ ಹ್ಯಾಂಗರಿಗೆ ಹಾಕಿದರೆ ಸಾಕು.

ಬ್ರ್ಯಾಂಡ್ ಮೋಹ ಬೇಡ. ಸ್ಟೈಪೆಂಡ್ ಎಷ್ಟು ಬರುತ್ತೆ ಅಂತ ನನಗೂ ಗೊತ್ತು. ದೊಡ್ಡ ಹೆಸರಿನ ಎಷ್ಟೋ ಶರ್ಟುಗಳನ್ನು ಹೊಲಿಯುವುದು ಇಲ್ಲಿನವರೇ, ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಂಗಸರು. ನಿನ್ನ ಚಿಕ್ಕಮ್ಮನೂ ಅಲ್ಲಿ ಕಾಲರ್ ಹೊಲಿದವಳು. ಸೀರೆಯ ಮೇಲೆ ಕಂಪನಿ ಕೊಟ್ಟ ಕೋಟು ಹಾಕಿಕೊಂಡು ದಿನವಿಡೀ ಕೂರುತ್ತಿದ್ದಳು. ಆಫೀಸಿಗೆ ಎರಡು ಪ್ಯಾಂಟ್, ನಾಲ್ಕು ಶರ್ಟ್, ಒಂದೆರಡು ಕುರ್ತಾ ಸಾಕು. ಅದೇ ಬಟ್ಟೆ ಮತ್ತೆ ಮತ್ತೆ ಹಾಕ್ತಾಳೆ ಅಂತ ಯಾರಾದರೂ ಅಂದರೆ, ಅವರಿಗೆ ಮಾಡೋಕೆ ಕೆಲಸ ಇಲ್ಲ ಅಂತ ತಿಳಿದುಕೋ.

ಶನಿವಾರ ಅರ್ಧ ದಿನ ರಜೆ ಅಂದಿದ್ದೆ. ಅಂಗಡಿಗೇ ಬಂದುಬಿಡು, ಅಲ್ಲಿಂದ ಮನೆಗೆ ಒಟ್ಟಿಗೆ ಹೋಗೋಣ. ಆಫೀಸಿಗೆ ಹಾಕುವ ಶೂವನ್ನು ಮರೆಯದೆ ತಾ. ಹವಾಯಿ ಚಪ್ಪಲಿಯಲ್ಲಿ ನಿಂತು ಅಳತೆ ಕೊಟ್ಟರೆ ಪ್ಯಾಂಟಿನ ಉದ್ದ ಹೆಚ್ಚುಕಮ್ಮಿ ಆಗುತ್ತೆ. ಕೆಳಗೆ ಪಟ್ಟಿ ಇನ್ನೂ ಹೊಲಿದಿಲ್ಲ, ಗುಂಡುಸೂಜಿ ಹಾಕಿ ಇಟ್ಟಿದ್ದೇನೆ. ಏಳು ಗಂಟೆಯೊಳಗೆ ಬಾ, ಆಮೇಲೆ ಬ್ಲೌಸ್ ಡೆಲಿವರಿ ಜನ ಬರ್ತಾರೆ.

ನಿನ್ನ ಅಪ್ಪ