ಭಾನುವಾರದ ಟ್ವಿಸ್ಟೆಡ್ ಓದಿಗೆ ಬರುವವರ ಗಮನಕ್ಕೆ

ಶಿರಸಿ, ಕುಮಟಾ, ಕಾರವಾರದ ಗೆಳೆಯರೇ, ಬರುವ ಮುಂಚೆ ಇದೊಂದು ತಿಳಿದಿರಲಿ. ನಾವು ಕೋಡ್ ಓದಲಿರುವ ಟ್ವಿಸ್ಟೆಡ್ ಅಂದರೆ ನೆಟ್‌ವರ್ಕ್ ಪ್ರೋಗ್ರಾಂ ಬರೆಯಲು ಇರುವ ಪೈಥಾನ್ ಲೈಬ್ರರಿ. ಟ್ವಿಸ್ಟೆಡ್‌ನ ರಿಯಾಕ್ಟರ್ (ಯಾವ ಕನೆಕ್ಷನ್‌ನಲ್ಲಿ ಏನಾಯ್ತು ಅಂತ ನೋಡಿ ಕೆಲಸ ಹಂಚುವ ಲೂಪ್) ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತಾ ಓಡುತ್ತದೆ. ಸಾವಿರ ಕನೆಕ್ಷನ್ ಇದ್ದರೂ ನಿಭಾಯಿಸುತ್ತದೆ. ಆದರೆ ಒಂದು ಕಡೆ ಟೈಮ್ ಸ್ಲೀಪ್ (ಕೋಡನ್ನು ಸ್ವಲ್ಪ ಹೊತ್ತು ನಿಲ್ಲಿಸುವ ಆದೇಶ) ಬರೆದರೂ ಸಾಕು, ಎಲ್ಲರೂ ಕಾಯಬೇಕು! ಅಂಥ ಕಾಯಿಸುವ ಕೆಲಸವನ್ನು ಬೇರೆ ಥ್ರೆಡ್‌ಗೆ ಕಳಿಸುವ ಡಿಫರ್‌ಟುಥ್ರೆಡ್‌ಗೆ ಕೊಡಿ. ಜಾಸ್ತಿ ಸಿಪಿಯು ಕೋರ್ ಬೇಕಾದರೆ ಬೇರೆ ಬೇರೆ ಪ್ರೊಸೆಸ್ ಓಡಿಸಬೇಕು.

2014ರಲ್ಲಿ ಪೈಥಾನ್ 3.4ರ ಜೊತೆ ಇದೇ ಥರದ ಕೆಲಸ ಮಾಡುವ ಅಸಿಂಕ್‌ಐಒ ಬಂತು. ಹಾಗಂತ ಟ್ವಿಸ್ಟೆಡ್ ಅನ್ನು ಸುಮ್ನೆ ಹಳತು ಅನ್ನಬೇಡಿ. ವೆಬ್‌ಸೈಟ್‌ಗಳಿಂದ ಮಾಹಿತಿ ಎತ್ತುವ ಸ್ಕ್ರೇಪಿ ಬೆಳೆದಿದ್ದೇ ಇದರ ಮೇಲೆ, ಅಲ್ವಾ?

ಟ್ವಿಸ್ಟೆಡ್‌ಗೆ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸುವವರು ಟೆಸ್ಟ್ ಬರೆಯಲೇಬೇಕು, ಇನ್ನೊಬ್ಬರ ರಿವ್ಯೂ ಆಗಲೇಬೇಕು. ನನ್ನ ಪ್ರಕಾರ ಹೊಸ ಕೋಡ್‌ಗಿಂತ ರಿವ್ಯೂ ಮಾಡಿಕೊಡುವುದೇ ದೊಡ್ಡ ಸಹಾಯ. ಅದನ್ನೇ ಮೊದಲು ಕಲಿಯೋಣ.

ಮಳೆಗೆ ಕರೆಂಟ್ ಹೋಗಬಹುದು. ಲ್ಯಾಪ್‌ಟಾಪ್ ಚಾರ್ಜ್ ಮಾಡಿ, ಕೋಡ್ ಮನೆಯಲ್ಲೇ ಇಳಿಸಿಕೊಂಡು ಬನ್ನಿ.