ಮಾತ್ರೆ ಇಳಿದ ಮೇಲೆ

ದಾವಣಗೆರೆ
ಭಾನುವಾರ ರಾತ್ರಿ

ಚಿ. ಕಾವ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ನಿನ್ನೆ ಬಂತು. ಹಾಸ್ಟೆಲ್ ಊಟ, ಪೆಥಾಲಜಿ ಇಂಟರ್ನಲ್ಸ್ ಎಲ್ಲ ಓದಿದೆ. ಅದೆಲ್ಲ ಇರಲಿ. ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀಯ. ಸೀನಿಯರ್ ಕೊಟ್ಟ ಮಾತ್ರೆ ತಗೊಂಡರೆ ಬೆಳಗಿನ ಜಾವದವರೆಗೂ ಓದಬಹುದು, ಇಳಿದ ಮೇಲೆ ಮಾತ್ರ ಏನೂ ಬೇಡ ಅನಿಸುತ್ತೆ ಅಂತ. ತಕ್ಷಣ ಫೋನ್ ಮಾಡಿದೆ. 'ಚೆನ್ನಾಗಿದೀನಿ ದೊಡ್ಡಪ್ಪ' ಅಂದೆ. ಅದಕ್ಕೇ ಬರೆಯುತ್ತಿದ್ದೇನೆ.

ಏನೂ ಬೇಡ ಅಂದರೆ ಏನು ಬೇಡ ಮಗಳೇ? ಊಟ ಬೇಡವೋ, ಓದು ಬೇಡವೋ, ಬದುಕೇ ಬೇಡವೋ? ನೇರವಾಗಿ ಕೇಳುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ಮೀಥೈಲ್‌ಫೆನಿಡೇಟ್ ಅಂತ ಹೆಸರು ಬರೆದಿದ್ದೀಯ. ಷೆಡ್ಯೂಲ್ ಎಕ್ಸ್ ಔಷಧಿ ಅದು. ಮಾರೋಕೆ ಬೇರೆ ಲೈಸೆನ್ಸ್ ಬೇಕು, ಬೀಗ ಹಾಕಿದ ಕಪಾಟು ಬೇಕು. ಡಾಕ್ಟರ ಚೀಟಿ ಎರಡು ಪ್ರತಿ ಬೇಕು, ಒಂದನ್ನು 2 ವರ್ಷ ಅಂಗಡಿಯಲ್ಲಿ ಜೋಪಾನ ಮಾಡಬೇಕು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ ಇರುವವರಿಗೆ ಡಾಕ್ಟರು ನೋಡಿ ಕೊಟ್ಟರೆ ಒಳ್ಳೆಯ ಔಷಧಿ, ಅದನ್ನು ಬಯ್ಯುವುದಿಲ್ಲ. ಹಾಸ್ಟೆಲ್‌ನಲ್ಲಿ ಕೈಯಿಂದ ಕೈಗೆ ಬರುವುದೇ ಬೇರೆ. ಮೆದುಳಿನಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಏರುವುದು, ನಿದ್ದೆ, ಹಸಿವು ಹೋಗುವುದು, ಇಳಿಯುವಾಗ ಮನಸ್ಸೂ ಕುಸಿಯುವುದು ಎಲ್ಲ ನಿನ್ನ ಫಾರ್ಮಕಾಲಜಿ ಪುಸ್ತಕದಲ್ಲೇ ಇರುತ್ತದೆ. ನನ್ನ ಭಯ ಅದಲ್ಲ. ಆ 'ಏನೂ ಬೇಡ' ಅನ್ನೋದು ಮಾತ್ರೆಗಿಂತ ಮೊದಲೇ ಇತ್ತಾ? ಅದನ್ನು ಮುಚ್ಚೋಕೆ ಮಾತ್ರೆ ಹಿಡಿದೆಯಾ?

ನಿಮ್ಮಪ್ಪನಿಗೂ ಹೇಳದ ಒಂದು ವಿಷಯ ಇದೆ. 1986. ಒಬ್ಬ ಮೆಡಿಕಲ್ ಹುಡುಗ ಪರೀಕ್ಷೆ ಹತ್ತಿರ ಬಂದಾಗೆಲ್ಲ ನನ್ನ ಔಷಧಿ ಅಂಗಡಿಗೆ ಬಂದು ಎಫೆಡ್ರಿನ್ ಕೇಳುತ್ತಿದ್ದ. ದಮ್ಮಿನ ಮಾತ್ರೆ, ನಿದ್ದೆ ಓಡಿಸುತ್ತೆ ಅಂತ ಹುಡುಗರಿಗೆ ಗೊತ್ತಿತ್ತು. ಚೀಟಿ ಇರುತ್ತಿರಲಿಲ್ಲ. ನಾನು ಹತ್ತು ಎಣಿಸಿ ಕಾಗದದ ಕವರಿಗೆ ಹಾಕಿ ಕೊಡುತ್ತಿದ್ದೆ. ಒಂದು ಸಂಜೆ ಚಿಲ್ಲರೆ ಕೊಡುವಾಗ ಅವನ ಬೆರಳು ನಡುಗುತ್ತಿದ್ದವು. ಎಂಟಾಣೆ ಗಾಜಿನ ಮೇಲೆ ಉರುಳಿ ಕೆಳಗೆ ಬಿತ್ತು. ಬಗ್ಗಲೇ ಇಲ್ಲ, ಅದನ್ನೇ ನೋಡುತ್ತಾ ನಿಂತಿದ್ದ. ಆಮೇಲೆ 'ಬೇಡ ಬಿಡಿ' ಅಂದು ಹೋದ. ನಾನು ಎತ್ತಿ ಗಲ್ಲಾಕ್ಕೆ ಹಾಕಿದೆ. ಕೂತ್ಕೋ ತಮ್ಮಾ, ಒಂದು ಟೀ ಕುಡಿ ಅನ್ನಲಿಲ್ಲ. ಮುಂದಿನ ತಿಂಗಳು ಅವರಪ್ಪ ಬಂದು ಟ್ರಂಕು ಎತ್ತಿಕೊಂಡು, ಮಗನ ಕೈ ಹಿಡಿದು ಬಸ್ಸು ಹತ್ತಿಸಿದರು. ಮತ್ತೆ ಅವನು ಓದಲು ಬರಲಿಲ್ಲ. ಏನಾದ ಅಂತ ಕೇಳುವ ಧೈರ್ಯ ನನಗೆ ಆಗಲಿಲ್ಲ.

ಅದಕ್ಕೇ ಈಗ ಕೇಳುತ್ತಿದ್ದೇನೆ. ಏನು ಬೇಡ ಅನಿಸುತ್ತೆ?

ಬುದ್ಧಿ ಹೇಳೋಕೆ ನನಗೇನು ಹಕ್ಕಿದೆ, ಆದರೂ ಹೇಳುತ್ತೇನೆ. ಇವತ್ತು ಮಲಗು. ಮಾತ್ರೆ ಮೇಲೆ ಆ ಡಬ್ಬದ ಎನರ್ಜಿ ಡ್ರಿಂಕ್ ಕುಡಿಯಬೇಡ, ಎದೆ ಹೊಡ್ಕೊಳ್ಳೋದು ಇನ್ನೂ ಜಾಸ್ತಿ ಆಗುತ್ತೆ. ನಿಮ್ಮ ಕಾಲೇಜಿನ ಸೈಕಿಯಾಟ್ರಿಗೆ ಹೋಗಲು ಸಂಕೋಚ ಇರಬಹುದು, ನಾಳೆ ಅದೇ ಸರ್ ಮುಂದೆ ವೈವಾಗೆ ಕೂರಬೇಕಲ್ವಾ. ಹುಬ್ಬಳ್ಳಿಯಿಂದ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಏನು ದೂರ? ಎಷ್ಟು ಮಾತ್ರೆ, ಎಷ್ಟು ದಿನದಿಂದ, ಎಲ್ಲ ಬಿಚ್ಚಿ ಹೇಳು. ರಾತ್ರಿ ತಡೆಯೋಕೆ ಆಗದಿದ್ದರೆ 14416. ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ರೂಮಲ್ಲಿ ಒಬ್ಬಳೇ ಇರಬೇಡ. ನನಗೂ ಮಾಡು, ಎಷ್ಟು ಹೊತ್ತಾದರೂ ಸರಿ.

ಫೇಲಾಗಿ ಸಪ್ಲಿ ಪರೀಕ್ಷೆ ಬರೆಯೋದಾದರೆ ಆಗಲಿ. ನಿಮ್ಮಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ಅಂಚೆಗೆ ಹಾಕಿದರೆ ತಡ, ಇದರ ಫೋಟೋ ತೆಗೆದು ಈಗಲೇ ವಾಟ್ಸಾಪ್‌ಗೆ ಕಳಿಸುತ್ತೇನೆ. ನಾಳೆ ಬೆಳಗ್ಗೆ ಮೊದಲ ಗಾಡಿಗೆ ಬರುತ್ತಿದ್ದೇನೆ. ದೊಡ್ಡಮ್ಮ ಮಂಡಕ್ಕಿ ಒಗ್ಗರಣೆ ಹಾಕಿ ಕಟ್ಟಿ ಕೊಡುತ್ತಾಳೆ. ಹಾಸ್ಟೆಲ್ ಗೇಟಿನ ಹತ್ತಿರ ನಿಂತಿರುತ್ತೇನೆ. ಓದಿದೆ ಅಂತ ಒಂದು ಮೆಸೇಜ್ ಹಾಕು. ಅಲ್ಲಿವರೆಗೆ ಎಚ್ಚರ ಇರುತ್ತೇನೆ.

ನಿನ್ನ
ದೊಡ್ಡಪ್ಪ